ಚಿಕ್ಕವಳ ಮೊದಲ ಮಾತು

ಏಪ್ರಿಲ್ ಬಿಸಿಲಿನಲ್ಲಿ, ಕ್ರೋಯ್ಡನ್‌ನ ಟ್ರಾಮ್ ಒಳಗೆ, ಒಂದು ಜೊತೆ ಸ್ಕೀ ಹಿಡಿದುಕೊಂಡು ನಿಂತವಳನ್ನು ಜನ ಹೇಗೆ ನೋಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಹೊರಗೆ ಚೆರಿ ಮರಗಳು ಹೂ ಬಿಟ್ಟಿರುತ್ತವೆ, ಒಳಗೆ ಹುಡುಗರು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ, ನಡುವೆ ನಾನು ನನ್ನಷ್ಟೇ ಎತ್ತರದ ಎರಡು ಹಲಗೆಗಳನ್ನು ತಬ್ಬಿಕೊಂಡು ನಿಂತಿರುತ್ತೇನೆ. ಒಮ್ಮೆ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕನಿಕರದಿಂದ, ಹಿಮ ಎಲ್ಲಿದೆಯಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಲ್ಪ್ಸ್‌ನಲ್ಲಿ ಎಂದೆ. ಈ ಟ್ರಾಮ್ ವಿಂಬಲ್ಡನ್‌ವರೆಗೆ ಮಾತ್ರ ಹೋಗುತ್ತದೆ ಎಂದು ಅವರು ಎಚ್ಚರಿಸಿದರು.

ನಾನು ಮೈಸೂರಿನವಳು. ಈಗ ಮನೆ ಸಟನ್‌ನಲ್ಲಿ, ಹತ್ತಿರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ. ಚಳಿಗಾಲದಲ್ಲಿ ಹಾಲು ತರಲು ಹೊರಗೆ ಹೋಗುವುದಕ್ಕೂ ಗೊಣಗುವ ಗಂಡ ಮತ್ತು ಮಗಳು ನನಗಿದ್ದಾರೆ. ವರ್ಷಕ್ಕೊಂದು ವಾರ ನಾನು ಬೆಟ್ಟಕ್ಕೆ ಹೊರಟರೆ ಅವರದೇನೂ ತಕರಾರಿಲ್ಲ. ಆ ವಾರವೆಲ್ಲ ಹೊರಗಿನಿಂದ ಪಿಜ್ಜಾ ತರಿಸಿಕೊಳ್ಳಬಹುದೆಂಬ ಖುಷಿಯೂ ಒಳಗೊಳಗೇ ಇದೆಯೆಂಬ ಅನುಮಾನ ನನಗುಂಟು.

ನಮ್ಮದು ಮೂವರ ತಂಡ. ಎಲ್ಲರಿಗಿಂತ ಹಿರಿಯರು ಧಾರವಾಡದ ಡಾಕ್ಟರು. ಜೀವಮಾನವೆಲ್ಲ ಇಲ್ಲಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಟ್ಟು ಈಗ ನಿವೃತ್ತರಾಗಿದ್ದಾರೆ. ಕ್ರೋಯ್ಡನ್‌ನಿಂದ ದಕ್ಷಿಣಕ್ಕಿರುವ ಕೂಲ್ಸ್‌ಡನ್‌ನಲ್ಲಿ ಮನೆ. ಬಹಳ ಹಿಂದೆ ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಸ್ಕೀ ಕಲಿತವರು, ನಮಗಿಬ್ಬರಿಗೂ ಗುರುಗಳು. ನಾನು ಅವರನ್ನು ಸರ್ ಎನ್ನುತ್ತೇನೆ, ಅವರ ಹೆಂಡತಿಯನ್ನು ಕಾಕು ಎನ್ನುತ್ತೇನೆ. ನಡುವಿನವರು ಕುಂದಾಪುರದವರು, ಕ್ರೋಯ್ಡನ್‌ನಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಅವರು ನನಗೆ ಅಣ್ಣ. ಎಲ್ಲರಿಗಿಂತ ಚಿಕ್ಕವಳು ನಾನು. ಚಿಕ್ಕವಳೆಂದರೆ ನಲವತ್ತು ದಾಟಿದವಳು, ಆದರೆ ಈ ತಂಡದಲ್ಲಿ ಇಂದಿಗೂ ಹುಡುಗಿ.

ಸ್ಕೀ ಎಂದರೆ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಜಾರಿ ಬರುವುದು ಎಂದು ಎಲ್ಲರಿಗೂ ಗೊತ್ತು. ನಾವು ಮಾಡುವುದು ಅದಲ್ಲ. ಮೇಲಕ್ಕೂ ಸ್ಕೀ ಮೇಲೆಯೇ ನಡೆದು ಹೋಗುತ್ತೇವೆ. ಹಲಗೆಯ ಅಡಿಗೆ ಸ್ಕಿನ್ ಎಂಬ ಉದ್ದನೆಯ ಪಟ್ಟಿಯನ್ನು ಅಂಟಿಸಬೇಕು. ಅದು ಮಖಮಲ್ ಬಟ್ಟೆಯ ಹಾಗೆ, ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ತಡೆಯುತ್ತದೆ. ಹೀಗಾಗಿ ಸ್ಕೀ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು ಅಂಗಿಯೊಳಗೆ ತುರುಕಿಕೊಂಡು ಕೆಳಗೆ ಜಾರುವುದು. ಅರ್ಧ ದಿನ ಬೆವರು ಸುರಿಸಿ ಹತ್ತಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇಳಿದು ಹೋಗಿರುತ್ತದೆ. ಇದರಲ್ಲಿ ಏನು ಸುಖ ಎಂದು ನನ್ನ ಮಗಳು ಕೇಳುತ್ತಾಳೆ. ಸುಖ ಹತ್ತುವುದರಲ್ಲೇ ಇದೆ ಎಂದರೆ ಕಣ್ಣು ಮೇಲೆ ಮಾಡುತ್ತಾಳೆ.

ತಾಲೀಮು ನಡೆಯುವುದು ಅಣ್ಣನ ಫ್ಲ್ಯಾಟಿನ ಮೆಟ್ಟಿಲುಗಳ ಮೇಲೆ. ಕ್ರೋಯ್ಡನ್‌ನ ಎತ್ತರದ ಕಟ್ಟಡ, ಮೇಲಿನ ಮಹಡಿಯಲ್ಲಿ ಅವರ ಮನೆ. ಭಾನುವಾರ ಬೆಳಿಗ್ಗೆ ಹೋಟೆಲಿನ ಸೋನಾ ಮಸೂರಿ ಅಕ್ಕಿಯ ಚೀಲವನ್ನು ಬೆನ್ನ ಮೇಲಿನ ಬ್ಯಾಗಿಗೆ ತುಂಬಿ ಮೂವರೂ ಹತ್ತಿ ಇಳಿಯುತ್ತೇವೆ. ಮೊದಮೊದಲು ನೆರೆಯವರು ಲಿಫ್ಟ್ ಕೆಟ್ಟಿದೆಯೆಂದು ತಿಳಿದು ಕಟ್ಟಡ ನೋಡಿಕೊಳ್ಳುವ ಕೌನ್ಸಿಲ್‌ಗೆ ಫೋನ್ ಮಾಡುತ್ತಿದ್ದರು. ಈಗ ಅಭ್ಯಾಸವಾಗಿದೆ, ಒಬ್ಬರು ಬಾಗಿಲಲ್ಲಿ ನಿಂತು ಚಪ್ಪಾಳೆಯನ್ನೂ ತಟ್ಟುತ್ತಾರೆ. ತಾಲೀಮು ಮುಗಿದ ಮೇಲೆ ಅದೇ ಅಕ್ಕಿ ಹೋಟೆಲಿನ ಅನ್ನವಾಗುತ್ತದೆ. ಬೆನ್ನ ಮೇಲೆ ಹೊತ್ತ ಅಕ್ಕಿಗೆ ರುಚಿ ಜಾಸ್ತಿ ಎಂದು ಅಣ್ಣನ ವಾದ.

ನಮ್ಮ ತಂಡಕ್ಕೊಂದು ಪದ್ಧತಿಯಿದೆ. ಅದು ಹುಟ್ಟಿದ್ದು ನಾವು ಕೂಡಿ ಹೋದ ಎರಡನೆಯ ವರ್ಷದ ಒಂದು ಪೆದ್ದತನದಿಂದ. ಆ ದಿನ ಒಂದು ಕಡಿದಾದ ಇಳಿಜಾರನ್ನು ಅಡ್ಡವಾಗಿ ದಾಟಬೇಕಿತ್ತು. ಹೊಸ ಹಿಮ ಬಿದ್ದಿತ್ತು, ಗಾಳಿಯೂ ಬೀಸಿತ್ತು. ಹಿಮ ಕುಸಿಯುವುದಕ್ಕೆ ಏನೇನು ಬೇಕೋ ಎಲ್ಲವೂ ಅಲ್ಲಿತ್ತು. ಡಾಕ್ಟರು ನಿಂತು ನಮ್ಮ ಕಡೆ ತಿರುಗಿದರು.

"ಹೋಗೋಣಲ್ಲಾ?"

"ನೀವು ಹೇಗೆ ಹೇಳಿದ್ರೆ ಹಾಗೆ ಸರ್," ಎಂದೆ ನಾನು.

"ಡಾಕ್ಟ್ರು ಹೇಳಿದ ಮೇಲೆ ಆಯ್ತಲ್ಲ," ಎಂದರು ಅಣ್ಣ.

ಒಬ್ಬೊಬ್ಬರಾಗಿ ದಾಟಿದೆವು. ಕೊನೆಗೆ ಡಾಕ್ಟರು ದಾಟಿ ಬಂದು ತಿರುಗಿ ನೋಡುವಷ್ಟರಲ್ಲಿ ನಾವು ಬಂದ ಜಾಡೇ ಕೆಳಗೆ ಹೋಗಿತ್ತು. ದೊಡ್ಡ ಸದ್ದೇನೂ ಇಲ್ಲ, ಯಾರೋ ಹಾಸಿಗೆಯ ಮೇಲಿನ ಚಾದರ ಎಳೆದ ಹಾಗೆ ಇಡೀ ಇಳಿಜಾರು ಜರುಗಿ ಕಣಿವೆಯಲ್ಲಿ ರಾಶಿಯಾಗಿ ಬಿತ್ತು. ನಾನು ಹಿಮದ ಮೇಲೇ ಕುಳಿತುಬಿಟ್ಟೆ.

ಆ ಸಂಜೆ ಬೆಟ್ಟದ ಮೇಲಿನ ತಂಗುಮನೆಯಲ್ಲಿ ಬಿಸಿ ಸೂಪು ಕುಡಿಯುತ್ತ ನಿಜ ಹೊರಬಿತ್ತು.

"ನಂಗೆ ಮನಸ್ಸೇ ಇರ್ಲಿಲ್ಲ ಡಾಕ್ಟ್ರೆ. ನೀವು ಹೋಗೋಣ ಅಂದ್ರಿ ಅಂತ ಬಂದದ್ದು," ಎಂದರು ಅಣ್ಣ.

"ನಂಗೂ ಅಷ್ಟೇ," ಎಂದೆ.

ಡಾಕ್ಟರು ಚಮಚ ಕೆಳಗಿಟ್ಟರು. "ನಾ ಎಲ್ಲಿ ಹೋಗೋಣ ಅಂದೆ? ನಾ ಕೇಳಿದೆ. ನನಗೂ ಮನಸಿರಲಿಲ್ಲ. ನಿಮಗಿಬ್ಬರಿಗೂ ಹೋಗೋ ಆಸೆ ಅದ, ಮುದುಕ ಅಡ್ಡ ಬಂದ ಅನಿಸಬಾರದು ಅಂತ ಕೇಳಿದೆ."

ಮೂವರಿಗೂ ಬೇಡವಾಗಿದ್ದ ಇಳಿಜಾರನ್ನು ಮೂವರೂ ಇನ್ನೊಬ್ಬರ ಮರ್ಯಾದೆಗೆಂದು ದಾಟಿದ್ದೆವು. ಮದುವೆಮನೆಯಲ್ಲಿ ಬಡಿಸುವವರು ಉಪಚಾರಕ್ಕೆ ಇನ್ನೊಂದು ಹೋಳಿಗೆ ಎನ್ನುವುದು, ಉಣ್ಣುವವರು ದಾಕ್ಷಿಣ್ಯಕ್ಕೆ ಹೂಂ ಎನ್ನುವುದು, ಆಮೇಲೆ ಹೊಟ್ಟೆ ಹಿಡಿದುಕೊಂಡು ಒದ್ದಾಡುವುದು, ಇದು ನಮ್ಮವರಿಗೆಲ್ಲ ಗೊತ್ತಿರುವುದೇ. ಅದನ್ನೇ ನಾವು ಆಲ್ಪ್ಸ್ ಬೆಟ್ಟಕ್ಕೂ ಹೊತ್ತು ತಂದಿದ್ದೆವು.

ಡಾಕ್ಟರು ಅಲ್ಲೇ ಕಾನೂನು ಮಾಡಿದರು. "ಇನ್ಮ್ಯಾಲೆ ಎಲ್ಲಾರಕಿಂತ ಸಣ್ಣಾಕಿ ಮೊದಲ ಮಾತಾಡಬೇಕು. ಆಮ್ಯಾಲೆ ನೀವು. ನಾ ಕಡೀಗೆ. ಒಬ್ಬರು ಬ್ಯಾಡ ಅಂದ್ರ ಮುಗೀತು, ಬ್ಯಾಡ. ಯಾಕ ಅಂತ ಯಾರೂ ಕೇಳೋಹಂಗಿಲ್ಲ. ಅವತ್ತೂ ಕೇಳೋಹಂಗಿಲ್ಲ, ಮುಂದೂ ಕೇಳೋಹಂಗಿಲ್ಲ."

ಹಿರಿಯರ ಮುಂದೆ ಮೊದಲು ಬಾಯಿ ತೆರೆಯುವುದು ಎಷ್ಟು ಕಷ್ಟವೆಂದು ನನಗೆ ಮರುದಿನವೇ ತಿಳಿಯಿತು. ಮಾತಾಡು ಎಂದರೆ ನನ್ನ ಕಣ್ಣು ತಾನಾಗಿ ಡಾಕ್ಟರ ಮುಖದ ಕಡೆಗೆ ಹೋಗುತ್ತಿತ್ತು, ಅವರಿಗೆ ಏನು ಬೇಕೆಂದು ಅಲ್ಲಿ ಹುಡುಕುತ್ತಿತ್ತು. ಅವರು ಅದನ್ನು ಕಂಡುಹಿಡಿದರು. ನಮಗೆ ಬೆನ್ನು ತಿರುಗಿಸಿ ಕಣಿವೆ ನೋಡುತ್ತ ನಿಂತುಬಿಟ್ಟರು. ಅಂದಿನಿಂದ ತೀರ್ಮಾನದ ಹೊತ್ತಿಗೆ ಡಾಕ್ಟರ ಬೆನ್ನು ಕಂಡರೆ ಸರಿ, ಮಾತು ನನ್ನದು.

ನಾನು ಹೇಳಬೇಕೆಂದಿರುವುದು ಅವರ ಮೊಣಕಾಲಿನ ವರ್ಷದ ವಿಷಯ. ನಿವೃತ್ತಿಯಾದ ಮೇಲೆ ಎಡ ಮೊಣಕಾಲು ಸವೆದು ನಡೆಯುವುದೇ ಕಷ್ಟವಾಯಿತು. ಕೀಲು ಬದಲಾಯಿಸಿದರು. ಆಮೇಲಿನ ವ್ಯಾಯಾಮಕ್ಕೆ ಆಸ್ಪತ್ರೆಯಿಂದ ಹೇಳಿದ್ದು ಇದ್ದೇ ಇತ್ತು, ಅದರ ಮೇಲೆ ರಜಾ ದಿನಗಳಲ್ಲಿ ನಾನು ಕೂಲ್ಸ್‌ಡನ್‌ಗೆ ಹೋಗಿ ಕೂರುತ್ತಿದ್ದೆ. ಡಾಕ್ಟರುಗಳಂಥ ಕೆಟ್ಟ ರೋಗಿಗಳು ಈ ಲೋಕದಲ್ಲಿ ಬೇರೆ ಇಲ್ಲ. ಬಗ್ಗಿಸಿ ಸರ್ ಎಂದರೆ ಬಗ್ಗಿಸೀನಿ ಎನ್ನುತ್ತಿದ್ದರು, ಕಾಲು ಮಾತ್ರ ಕೋಲಿನ ಹಾಗೆ ನೆಟ್ಟಗೇ ಇರುತ್ತಿತ್ತು. ಕಾಕು ಅಡುಗೆಮನೆಯಿಂದಲೇ, "ಇನ್ನಷ್ಟು ಒತ್ತವಾ, ಒದರಿದ್ರ ಒದರಲಿ," ಎಂದು ನನ್ನ ಪಕ್ಷ ವಹಿಸುತ್ತಿದ್ದರು.

ಆದರೆ ಮೊಣಕಾಲು ಬಂತು, ನಿಧಾನವಾಗಿ, ಚೆನ್ನಾಗಿಯೇ ಬಂತು. ಅದು ನನ್ನ ಕೆಲಸ, ಜಂಬವಿಲ್ಲದೆ ಹೇಳುತ್ತೇನೆ, ಅಥವಾ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಅವರ ಸರ್ಜನ್ ಸರಿ ಎಂದರು. ಮೆಟ್ಟಿಲು ಹತ್ತಿದರು, ಅಕ್ಕಿ ಹೊತ್ತರು. ಮಾರ್ಚ್ ಬಂದಾಗ ಎಂದಿನಂತೆ ಅವರ ಅಡುಗೆಮನೆಯಲ್ಲಿ ಸೇರಿದೆವು. ಅವರ ಮನಸ್ಸಿನಲ್ಲಿ ಒಂದು ಶಿಖರವಿತ್ತು. ಅದರ ನಿಜವಾದ ಹೆಸರು ನಮ್ಮ ನಾಲಿಗೆಗೆ ಹೊರಳದು, ನಾವು ಬಿಳಿ ಟೋಪಿ ಎನ್ನುತ್ತಿದ್ದೆವು. ಹಿಂದೆ ಹೋದಾಗೆಲ್ಲ ಮೋಡವೋ ಗಾಳಿಯೋ ಬಂದು ಅದು ಕೈಗೆ ಸಿಕ್ಕಿರಲಿಲ್ಲ.

"ಈ ಸಲ ಆತಂದ್ರ ಆತು," ಎಂದರು ಡಾಕ್ಟರು. "ಇಲ್ಲಾಂದ್ರ ನನ್ನ ಸ್ಕೀ ಚಾರಿಟಿ ಅಂಗಡಿಗೆ ದಾನ. ಆದರ ನಾ ಬರಬೇಕೋ ಬ್ಯಾಡೋ ಅನ್ನೂದನ್ನ ಪದ್ಧತಿ ಪ್ರಕಾರ ಕೇಳೂನು."

ಹೀಗೆಂದು ಎದ್ದು ಸಿಂಕಿನ ಕಡೆ ತಿರುಗಿ, ನಮಗೆ ಬೆನ್ನು ಹಾಕಿ, ಕಾಫಿ ಕಪ್ಪುಗಳನ್ನು ತೊಳೆಯತೊಡಗಿದರು. ಕಾಕು ಒಗ್ಗರಣೆ ಸೌಟು ಹಿಡಿದು ನಿಂತಲ್ಲೇ ನಿಂತರು. ನಾನು ಆ ಬೆನ್ನನ್ನು ನೋಡುತ್ತ ಯೋಚಿಸಿದೆ. ಮೊಣಕಾಲಿನ ಬಗ್ಗೆ ಯೋಚಿಸಿದೆ, ಅವರ ಆಸೆಯ ಬಗ್ಗೆ ಅಲ್ಲ. ಆಮೇಲೆ, "ಬನ್ನಿ ಸರ್," ಎಂದೆ. ಅಣ್ಣ, "ನಮ್ಮದೂ ಬನ್ನಿ," ಎಂದರು. ಡಾಕ್ಟರು ತೊಳೆದ ಕಪ್ಪನ್ನೇ ಇನ್ನೊಮ್ಮೆ ತೊಳೆದರು.

ಬೆಟ್ಟದಲ್ಲಿ ನಮಗೆ ಮೂರು ದಿನ ಹಬ್ಬ. ಅಣ್ಣ ತಂದ ಚಟ್ನಿಪುಡಿಯನ್ನು ತಂಗುಮನೆಯ ಚೀಸಿನ ಮೇಲೆ ಉದುರಿಸಿಕೊಂಡು ತಿಂದೆವು. ಪಕ್ಕದ ಮೇಜಿನ ಆಸ್ಟ್ರಿಯಾದ ಗಂಡಹೆಂಡಿರು ರುಚಿ ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಕೈ ಚಾಚಿದರು. ಹಗಲೆಲ್ಲ ನಡಿಗೆ. ಸ್ಕಿನ್ ಹಿಮದ ಮೇಲೆ ಸರಿಯುವ ಸದ್ದು, ಮುಂದಿನವರ ಉಸಿರು, ಬೇರೇನೂ ಇಲ್ಲ. ಆ ಸದ್ದಿನಲ್ಲಿ ನನಗೆ ಆಸ್ಪತ್ರೆ, ಮನೆ, ಮಗಳ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆ, ಎಲ್ಲ ಮರೆತು ಹೋಗುತ್ತದೆ. ನಾನು ಅಲ್ಲಿ ಸುಖವಾಗಿರುತ್ತೇನೆ, ಇದಕ್ಕೆ ಬೇರೆ ಮಾತಿಲ್ಲ.

ಬಿಳಿ ಟೋಪಿಗೆ ಹೊರಟ ದಿನ ಬೆಳಗಿನ ಜಾವವೇ ಏನೋ ಸರಿಯಿರಲಿಲ್ಲ. ವಸಂತದಲ್ಲಿ ರಾತ್ರಿ ಆಕಾಶ ತೆರೆದಿದ್ದರೆ ಹಿಮ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಬಿಸಿಲೇರುವ ಮುನ್ನ ಅದರ ಮೇಲೆ ಧೈರ್ಯವಾಗಿ ಓಡಾಡಬಹುದು. ಆ ರಾತ್ರಿ ಮೋಡ ಕವಿದಿತ್ತು. ಮೇಲೆ ಹಪ್ಪಳದಂತೆ ತೆಳ್ಳನೆಯ ಪದರ, ಅಡಿಯಲ್ಲಿ ಹಸಿ. ದಾರಿಯಲ್ಲಿ ಡಾಕ್ಟರು ಆಗಾಗ ನಿಂತರು. ಪ್ರತಿ ಸಲವೂ ಬೂಟಿನ ಕೊಂಡಿ ಸರಿಮಾಡುವ ನೆಪ. ನಾನು ನೋಡಿಯೂ ನೋಡದಂತೆ ನೀರು ಕುಡಿಯುತ್ತಿದ್ದೆ.

ಕೊನೆಯ ಏರಿನ ಬುಡಕ್ಕೆ ಬಂದಾಗ ಮೋಡ ಸರಿದು ಬಿಸಿಲು ಬಿತ್ತು. ತುದಿ ಅಲ್ಲೇ ಕಾಣುತ್ತಿತ್ತು, ಅಲ್ಲಿನವರು ಶಿಖರಗಳ ಮೇಲೆ ನೆಡುವ ಶಿಲುಬೆಯೂ ಕಾಣುತ್ತಿತ್ತು. ಡಾಕ್ಟರ ಮುಖ ನನಗೆ ಕಾಣಲಿಲ್ಲ, ಏಕೆಂದರೆ ಅವರು ಆಗಲೇ ಬೆನ್ನು ತಿರುಗಿಸಿ ನಿಂತಿದ್ದರು. ಆ ಬೆನ್ನು ಎಂದಿಗಿಂತ ನೆಟ್ಟಗಿತ್ತು.

ನಾನು ಇಳಿಜಾರನ್ನು ನೋಡಿದೆ. ಮೇಲಿನ ಬಂಡೆಗಳ ಹತ್ತಿರದಿಂದ ಬಿಸಿಲಿಗೆ ಸಡಿಲವಾದ ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದವು. ಕೈಯಲ್ಲಿನ ಸ್ಕೀ ಕೋಲು ಚುಚ್ಚಿದರೆ ಹಿಡಿಯವರೆಗೂ ಇಳಿಯಿತು.

"ಬೇಡ ಸರ್," ಎಂದೆ.

"ನಂದೂ ಬೇಡ," ಎಂದರು ಅಣ್ಣ, ಮೆಲ್ಲಗೆ.

ಡಾಕ್ಟರು ತಿರುಗಿ, "ಮುಗೀತು ಹಂಗಾರ," ಎಂದು ಸ್ಕಿನ್ ಕೀಳಲು ಬಾಗಿದರು. ಕೆಳಗಿನ ಬಯಲಿನಲ್ಲಿ ಇಳಿಜಾರು ಕಡಿದಾಗಿರಲಿಲ್ಲ, ಹಿಮ ಹದವಾಗಿ ಕರಗಿತ್ತು. ಅಂಥ ಇಳಿತ ನಮಗೆ ಮತ್ತೆ ಸಿಕ್ಕಿಲ್ಲ. ಅಣ್ಣ ಕೂಗುತ್ತ ಹೋದರು. ಡಾಕ್ಟರು ನಮ್ಮಿಬ್ಬರಿಗಿಂತ ಚೆಂದವಾಗಿ, ಎಡಕ್ಕೆ ಬಲಕ್ಕೆ ಒಂದೇ ಹದದಲ್ಲಿ ತಿರುಗುತ್ತ ಹೋದರು, ಆದರೆ ಬಾಯಿ ಬಿಡಲಿಲ್ಲ. ಸಂಜೆ, "ಛಲೋ ಆತು, ಭಾಳ ಛಲೋ ಆತು," ಎಂದರು. ವಾಪಸು ಬರುವ ವಿಮಾನದಲ್ಲಿ ಅವರ ಕೈ ದಾರಿಯುದ್ದಕ್ಕೂ ಎಡ ಮೊಣಕಾಲಿನ ಮೇಲೇ ಇತ್ತು.

ಬೇಸಿಗೆಯಲ್ಲಿ ಒಂದು ದಿನ ಕಾಕು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಡಾಕ್ಟರ ಸ್ಕೀ ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದವು.

"ನೋಡವಾ, ಅಂಗಡಿಗೆ ಕೊಡೂದೂ ಇಲ್ಲ, ಒಳಗ ಇಡೂದೂ ಇಲ್ಲ. ನೀ ಬ್ಯಾಡ ಅಂದದ್ದು ತಮ್ಮ ಮೊಣಕಾಲಿನ ಸಲುವಾಗಿ, ತಮ್ಮಿಂದ ನಿಮ್ಮಿಬ್ಬರದೂ ಶಿಖರ ತಪ್ಪಿತು ಅಂತ ಅವರ ತಲ್ಯಾಗ ಹೊಕ್ಕದ."

"ಹಾಗೇನಿಲ್ಲ ಕಾಕು."

"ನನಗ ಹೇಳಬ್ಯಾಡ, ಅವರಿಗೆ ಹೇಳು."

ಹೇಗೆ ಹೇಳಲಿ? ಯಾಕೆ ಎಂದು ಕೇಳಬಾರದೆಂದು ಕಾನೂನು ಮಾಡಿದವರೇ ಅವರು, ಕೇಳುವುದಿಲ್ಲ. ಅವರು ಕೇಳದೆ ನಾನಾಗಿ ಹೇಳಿದರೆ ಮುದುಕರನ್ನು ಸಮಾಧಾನ ಮಾಡಿದ ಹಾಗಾಗುತ್ತದೆ, ಅವರು ಒಂದಕ್ಷರವನ್ನೂ ನಂಬುವುದಿಲ್ಲ. ಈ ಯೋಚನೆಯಲ್ಲೇ ಬೇಸಿಗೆ ಹೋಯಿತು. ಗಣಪತಿ ಹಬ್ಬಕ್ಕೆ ಹೋದೆ, ದೀಪಾವಳಿಗೆ ಹೋದೆ. ಅವರು ಕಡುಬು ಬಡಿಸಿದರು, ನಗೆಚಾಟಿಕೆ ಮಾಡಿದರು. ಭಾನುವಾರದ ಮೆಟ್ಟಿಲಿಗೆ ಮಾತ್ರ ಬರಲಿಲ್ಲ. ಅಕ್ಕಿ ಹೊತ್ತು ಹತ್ತುವಾಗ ನಮ್ಮಿಬ್ಬರಿಗೆ ಅದೇನೋ ಬಿಕೋ ಎನ್ನುತ್ತಿತ್ತು.

ಜನವರಿಯಲ್ಲಿ ಲಂಡನ್ನಿಗೆ ಹಿಮ ಬಿತ್ತು. ಇಲ್ಲಿ ಬೀಳುವುದು ಸಾಮಾನ್ಯವಾಗಿ ಕಾರಿನ ಮೇಲೆ ಸಕ್ಕರೆ ಉದುರಿಸಿದಷ್ಟು, ಅಷ್ಟಕ್ಕೇ ಊರು ನಿಂತುಹೋಗುತ್ತದೆ. ಈ ಸಲ ನಿಜವಾಗಿಯೇ ಬಿತ್ತು. ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಸಟನ್ ಸಟನ್‌ನಂತಿರಲಿಲ್ಲ. ಫೋನ್ ಬಡಿಯಿತು.

"ಕಿಟಕಿ ತಗದು ನೋಡಿದಿ ಏನು?" ಡಾಕ್ಟರ ಧ್ವನಿ. "ನಮ್ಮ ಮನಿ ಹಿಂದಿನ ಗುಡ್ಡದ ಮ್ಯಾಲೆ ಬೂಟು ಮುಳುಗೋವಷ್ಟು ಅದ. ಸ್ಕೀ ತಗೊಂಡು ಬಾ."

ಆಸ್ಪತ್ರೆಯ ಕೆಲಸಕ್ಕೆ ಅಂದು ನನಗೆ ರಜೆ. ಬಸ್ಸುಗಳು ನಿಂತಿದ್ದವು. ತಡವಾಗಿ ಬಂದ ರೈಲು ಹಿಡಿದು, ಕ್ರೋಯ್ಡನ್‌ನಲ್ಲಿ ಬದಲಾಯಿಸಿ, ಹೆಗಲ ಮೇಲೆ ಸ್ಕೀ ಹೊತ್ತು ಹೋದೆ. ಜೀವನದಲ್ಲಿ ಮೊದಲ ಸಲ ರೈಲಿನಲ್ಲಿ ಜನ ನನ್ನನ್ನು ಹುಚ್ಚಿಯಂತೆ ನೋಡಲಿಲ್ಲ, ಅಸೂಯೆಯಿಂದ ನೋಡಿದರು. ಅಣ್ಣ ಅದೇ ರೈಲಿಗೆ ಹತ್ತಿದರು, ಹೆಗಲ ಮೇಲೆ ಸ್ಕೀ, ಕೈಯಲ್ಲಿ ಕಾಫಿ ಫ್ಲಾಸ್ಕು. "ಹೋಟೆಲು ಬಂದ್ ಮಾರಾಯ್ತಿ, ಇಂಥ ದಿನ ದೋಸೆ ತಿನ್ಲಿಕ್ಕೆ ಯಾರು ಬರ್ತಾರೆ," ಎಂದರು, ಮುಖದ ತುಂಬ ನಗು.

ಕೂಲ್ಸ್‌ಡನ್‌ನ ಆ ಗುಡ್ಡ ಬೇಸಿಗೆಯಲ್ಲಿ ಹಸುಗಳು ಮೇಯುವ ಹುಲ್ಲುಗಾವಲು. ಅಂದು ಊರಿನ ಮಕ್ಕಳೆಲ್ಲ ಅಲ್ಲಿದ್ದರು, ಸ್ಲೆಡ್ಜ್ ಇದ್ದವರು ಸ್ಲೆಡ್ಜಿನ ಮೇಲೆ, ಇಲ್ಲದವರು ಅಡುಗೆಮನೆಯ ಟ್ರೇ ಮೇಲೆ ಕುಳಿತು ಕಿರುಚುತ್ತ ಜಾರುತ್ತಿದ್ದರು. ಡಾಕ್ಟರು ಬುಡದಲ್ಲಿ ಬೇಲಿಯ ಬಾಗಿಲ ಹತ್ತಿರ ನಮ್ಮನ್ನು ಕಾಯುತ್ತಿದ್ದರು. ಗ್ಯಾರೇಜಿನ ಸ್ಕೀ ಕಾಲಿಗೆ ಬಂದಿದ್ದವು, ಅಡಿಯಲ್ಲಿ ಸ್ಕಿನ್ ಕೂಡ ಅಂಟಿತ್ತು. ಅಂಥ ಗುಡ್ಡಕ್ಕೆ ಸ್ಕಿನ್ ಅಂಟಿಸುವುದೆಂದರೆ ಚರಂಡಿ ದಾಟಲು ದೋಣಿ ತಂದ ಹಾಗೆ, ಆದರೆ ನಾವೂ ಮರುಮಾತಿಲ್ಲದೆ ಅಂಟಿಸಿಕೊಂಡೆವು.

ಹೊರಡುವ ಮುನ್ನ ಡಾಕ್ಟರು ಕೋಲಿನಿಂದ ಹಿಮವನ್ನು ಕೆದಕಿದರು.

"ತಂಗೀ, ಒಂದು ಮಾತು ಕೇಳ್ತೀನಿ. ಕೇಳೋಹಂಗಿಲ್ಲ ಅಂತ ಗೊತ್ತದ, ನಾನೇ ಮಾಡಿದ್ದು."

"ಕೇಳಿ ಸರ್."

"ಅವತ್ತು ಬ್ಯಾಡ ಅಂದ್ಯಲ್ಲ. ಹಿಮಕ್ಕ ಹೆದರಿದ್ಯೋ, ನನ್ನ ಮೊಣಕಾಲಿಗೋ?"

ಇಷ್ಟು ತಿಂಗಳು ಈ ಪ್ರಶ್ನೆಗಾಗಿ ಕಾದಿದ್ದೆ. ಕಾದದ್ದಕ್ಕೋ ಏನೋ, ಉತ್ತರ ಸ್ವಲ್ಪ ಸಿಟ್ಟಿನಲ್ಲೇ ಬಂತು.

"ಹಿಮಕ್ಕೆ ಸರ್. ಮೊಣಕಾಲಿಗೆ ಹೆದರಿದ್ದಿದ್ರೆ ನಿಮ್ಮ ಅಡುಗೆಮನೇಲೇ ಬೇಡ ಅಂತಿದ್ದೆ. ಅವತ್ತೂ ಮೊದಲು ಮಾತಾಡಿದ್ದು ನಾನೇ ಅಲ್ವಾ? ನೀವು ಬೆನ್ನು ಮಾಡ್ಕೊಂಡು ಕಪ್ ತೊಳೀತಿದ್ರಿ. ನಿಮ್ಮ ಮುಖ ನೋಡಿ ಬನ್ನಿ ಅಂದಿದ್ದಲ್ಲ, ಮರ್ಯಾದೆಗೆ ಅಂದಿದ್ದೂ ಅಲ್ಲ. ಆ ಮೊಣಕಾಲು ನಾನು ತಯಾರು ಮಾಡಿದ್ದು, ಅದರ ಮೇಲೆ ನನಗೆ ಅನುಮಾನ ಇಲ್ಲ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಸುಳ್ಳು ಎಲ್ಲಾದರೂ ಅಡಗಿದೆಯೇ ಎಂದು ಹುಡುಕುವಂತಿತ್ತು. ಅಣ್ಣ ಸುಮ್ಮನೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಡಾಕ್ಟರು ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಕಣ್ಣನ್ನೂ ಒರೆಸಿಕೊಂಡರು, ಅದನ್ನು ನಾನು ಕಂಡೆ.

ಆಮೇಲೆ ಅವರು ನಿಧಾನವಾಗಿ ಸ್ಕೀ ಎತ್ತಿ ಎತ್ತಿ ಇಡುತ್ತ, ನಮಗೆ ಬೆನ್ನು ಹಾಕಿ, ಗುಡ್ಡದ ಕಡೆ ಮುಖ ಮಾಡಿ ನಿಂತರು. ಟ್ರೇ ಮೇಲೆ ಕುಳಿತ ಒಬ್ಬಳು ಹುಡುಗಿ ಅವರ ಪಕ್ಕದಲ್ಲೇ ಜಾರಿ ಹೋದಳು.

"ಹೋಗೋಣ ಸರ್," ಎಂದೆ.

"ನಂದೂ ಹೋಗೋಣ," ಎಂದರು ಅಣ್ಣ.

ಕೊನೆಯ ಮಾತು ಅವರದು. ಅವರು ಅದನ್ನು ಆಡಲಿಲ್ಲ. ಹೊಸ ಮೊಣಕಾಲನ್ನೇ ಮೊದಲು ಮುಂದಿಟ್ಟು ಆಗಲೇ ಹತ್ತತೊಡಗಿದ್ದರು.